ಮಗಳ ಹೃದಯ ಬಲಗಡೆ ಇದೆಯಂತೆ, ನಾನೇನು ಮಾಡಲಿ?

ಓದುಗರೇ, ಈ ತಿಂಗಳು ಸಕ್ಕರೆ ಕಾಯಿಲೆ, ಮಂಡಿನೋವಿನ ಪತ್ರಗಳನ್ನು ಪಕ್ಕಕ್ಕಿಟ್ಟಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಸುರತ್ಕಲ್‌ನಿಂದ ಒಬ್ಬ ತಾಯಿ ಆರು ಪುಟದ ಪತ್ರ ಬರೆದಿದ್ದಾರೆ. ಎರಡು ಕಡೆ ಶಾಯಿ ಕದಡಿದೆ, ಅತ್ತುಕೊಂಡೇ ಬರೆದಿರಬೇಕು. ಅದೇ ವಿಷಯದ ಇನ್ನೂ ಕೆಲವು ಪತ್ರಗಳು ನನ್ನ ಹತ್ತಿರ ಮೊದಲೇ ಇದ್ದವು. ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಥ್ರೋಬಾಲ್ ತಂಡಕ್ಕೆ ಸೇರಿಸಲು ಶಾಲೆಯಲ್ಲಿ ಮೆಡಿಕಲ್ ಸರ್ಟಿಫಿಕೇಟ್ ಕೇಳಿದರು. ಡಾಕ್ಟರು ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ತುಂಬಾ ಹೊತ್ತು ಹುಡುಕಿದರು. ಎಕ್ಸ್-ರೇ ಎರಡು ಸಲ ತೆಗೆಸಿದರು. ಹೃದಯ ಬಲಗಡೆ ಇದೆಯಂತೆ. ಸ್ಕ್ಯಾನಿಂಗ್‌ನಲ್ಲಿ ಲಿವರ್ ಕೂಡ ಎಡಗಡೆ ಕಂಡಿತು. ಎಲ್ಲವೂ ಉಲ್ಟಾ ಅಂದರು. ಅತ್ತೆ ಇದು ನಾಗದೋಷ ಅನ್ನುತ್ತಾರೆ. ಬಸುರಿಯಾಗಿದ್ದಾಗ ಗ್ರಹಣದ ದಿನ ನಾನು ಹೊರಗೆ ಹೋಗಿದ್ದೆ, ಅದಕ್ಕೇ ಹೀಗಾಯಿತಾ? ಆಗ ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಎಲ್ಲಾ ಸರಿ ಉಂಟು ಅಂದಿದ್ದರಲ್ಲ? ಆಟ ಬಿಡಿಸಲಾ? ಮುಂದೆ ಮದುವೆಗೆ ತೊಂದರೆ ಆಗದ ಹಾಗೆ ಯಾರಿಗೂ ಹೇಳದೆ ಇರಲಾ? (ಒಬ್ಬ ತಾಯಿ, ಸುರತ್ಕಲ್)

ಉತ್ತರ: ಮೊದಲು ಗ್ರಹಣದ ವಿಷಯ. ಆರು ಪುಟದಲ್ಲಿ ನೀವು ಅದನ್ನು ಮೂರು ಸಲ ಬರೆದಿದ್ದೀರಿ. ಇಲ್ಲ ತಾಯೀ. ನೀವು ಹೊರಗೆ ಹೋದದ್ದರಿಂದ ಆದದ್ದಲ್ಲ. ತಿಂದದ್ದರಿಂದಲ್ಲ, ಎಡಮಗ್ಗುಲಲ್ಲಿ ಮಲಗಿದ್ದೋ ಬಲಮಗ್ಗುಲಲ್ಲಿ ಮಲಗಿದ್ದೋ ಅದರಿಂದಲೂ ಅಲ್ಲ. ಹೊಟ್ಟೆಯಲ್ಲಿ ಮಗುವಿಗೆ ಎಡ ಯಾವುದು, ಬಲ ಯಾವುದು ಅನ್ನುವುದು ಮೂರನೇ ನಾಲ್ಕನೇ ವಾರದಲ್ಲೇ ತೀರ್ಮಾನವಾಗಿಬಿಡುತ್ತದೆ. ಆಗ ಭ್ರೂಣ ಒಂದು ಎಳ್ಳಿನ ಕಾಳಿನಷ್ಟೂ ಇರುವುದಿಲ್ಲ. ಎಷ್ಟೋ ಹೆಂಗಸರಿಗೆ ಮುಟ್ಟು ತಪ್ಪಿದ್ದೇ ಇನ್ನೂ ಗಮನಕ್ಕೆ ಬಂದಿರುವುದಿಲ್ಲ. ನೀವು ಬಸುರಿ ಎಂದು ಮನೆಯವರಿಗೆ ಗೊತ್ತಾಗಿ, ಗ್ರಹಣದ ದಿನ ಹೊರಗೆ ಹೋಗಬೇಡ ಎಂದು ಅವರು ಹೇಳುವ ಹೊತ್ತಿಗೆ ಆ ಕೆಲಸ ಮುಗಿದೇ ಹೋಗಿತ್ತು.

ಅದು ಹೇಗೆ ತೀರ್ಮಾನವಾಗುತ್ತದೆ ಅನ್ನುವುದನ್ನು ನಾನು ಓದಿದಾಗ ನನಗೇ ರೋಮಾಂಚನವಾಗಿತ್ತು. ಆ ಪುಟ್ಟ ಭ್ರೂಣದ ನಡುವೆ ಒಂದು ಸಣ್ಣ ಗುಳಿ. ಗುಳಿಯ ತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳು. ಇವುಗಳಿಗೆ ಸಿಲಿಯಾ ಅನ್ನುತ್ತಾರೆ. ಅವು ಒಂದೇ ಕಡೆಗೆ ಗಿರಗಿರ ಸುತ್ತುತ್ತವೆ. ಸುತ್ತಿದಾಗ ಗುಳಿಯಲ್ಲಿರುವ ನೀರಿನಂಥ ದ್ರವ ಬಲದಿಂದ ಎಡಕ್ಕೆ ಹರಿಯುತ್ತದೆ. ‘ಇದು ಎಡ’ ಅನ್ನುವ ಸಂದೇಶ ಭ್ರೂಣಕ್ಕೆ ಸಿಗುವುದೇ ಆ ಹರಿವಿನಿಂದ. ಜಪಾನಿನ ವಿಜ್ಞಾನಿಗಳು 1998ರಲ್ಲಿ ಇಲಿಯ ಭ್ರೂಣದಲ್ಲಿ ಇದನ್ನು ಕಣ್ಣಾರೆ ಕಂಡರು. 2002ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ದ್ರವವನ್ನು ಬೇಕೆಂದೇ ಉಲ್ಟಾ ಹರಿಸಿ ನೋಡಿದರು. ಇಲಿಯ ಭ್ರೂಣದಲ್ಲಿ ಎಡ ಬಲವೇ ತಿರುಗಿಬಿಟ್ಟಿತು! ನಿಮ್ಮ ಮಗಳಲ್ಲೂ ಅಷ್ಟು ಬೇಗ, ಅಷ್ಟು ಸಣ್ಣ ಜಾಗದಲ್ಲೇ ಎಡ ಬಲ ಅದಲುಬದಲಾಗಿದೆ. ಅದು ಯಾರ ಕೈಯಲ್ಲೂ ಇಲ್ಲದ ವಿಷಯ.

ಇದರ ಹೆಸರು ಸೈಟಸ್ ಇನ್ವರ್ಸಸ್ ಟೋಟಾಲಿಸ್. ಹೃದಯದ ತುದಿ ಬಲಗಡೆ, ಲಿವರ್ ಎಡಗಡೆ, ಜಠರ ಮತ್ತು ಗುಲ್ಮ ಬಲಗಡೆ, ಅಪೆಂಡಿಕ್ಸ್ ಎಡಗಡೆ. ಶ್ವಾಸಕೋಶ ಕೂಡ ಹಾಗೇ. ನಮಗೆ ಬಲಗಡೆ ಮೂರು ಹಾಲೆ, ಎಡಗಡೆ ಎರಡು ಇರುತ್ತವೆ, ಅವಳಿಗೆ ಎಡಗಡೆ ಮೂರು. ನೀವು ಮಂಗಳೂರಿನ ಫ್ಲ್ಯಾಟ್‌ಗಳನ್ನು ನೋಡಿರುತ್ತೀರಿ. ಒಂದೇ ಮಹಡಿಯಲ್ಲಿ ಎದುರುಬದುರು ಎರಡು ಮನೆ. ಒಂದರಲ್ಲಿ ಬಾಗಿಲು ತೆರೆದ ಕೂಡಲೇ ಅಡುಗೆಮನೆ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ಪೈಪು, ವಯರು, ಚರಂಡಿ ಎಲ್ಲವೂ ಅದಕ್ಕೆ ಸರಿಯಾಗಿ ತಿರುಗಿರುತ್ತವೆ. ಎರಡೂ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ ಅಲ್ವಾ? ನಿಮ್ಮ ಮಗಳು ಆ ಎದುರು ಮನೆ.

ಕಷ್ಟ ಬರುವುದು ಅಡುಗೆಮನೆ ಮಾತ್ರ ಆಚೆಗೆ ಹೋಗಿ ಪೈಪುಗಳು ಈಚೆಗೇ ಉಳಿದಾಗ. ಹೃದಯ ಒಂದೇ ಬಲಕ್ಕೆ ತಿರುಗಿ ಉಳಿದವು ಇದ್ದಲ್ಲೇ ಇದ್ದರೆ, ಅಥವಾ ಅಂಗಗಳು ಅತ್ತ ಇತ್ತ ಬೆರಕೆಯಾಗಿ ಕೂತರೆ, ಹೃದಯದಲ್ಲಿ ರಂಧ್ರ, ರಕ್ತನಾಳ ತಪ್ಪಾಗಿ ಜೋಡಣೆಯಾಗಿರುವುದು, ಇಂಥ ದೋಷಗಳು ಜಾಸ್ತಿ. ಎಲ್ಲವೂ ಪೂರ್ತಿ ತಿರುಗಿದವರಲ್ಲಿ ಕಡಿಮೆ. ಆದರೂ ಬೇರೆ ಮಕ್ಕಳಿಗಿಂತ ಸ್ವಲ್ಪ ಜಾಸ್ತಿಯೇ. ಹಾಗಾಗಿ ಒಂದು ಸಲ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಮಾಡಿಸಿ. ಎಕೋ ಸರಿ ಇದ್ದರೆ ಥ್ರೋಬಾಲ್ ಆಡಲಿ, ಓಡಲಿ, ಈಜಲಿ. ಅಮೆರಿಕದ ರ್‍ಯಾಂಡಿ ಫಾಯ್ ಅನ್ನುವವರಿಗೂ ಎಲ್ಲವೂ ಹೀಗೇ ತಿರುಗಿದೆ. ಅವರು ಎನ್‌ಬಿಎಯಲ್ಲಿ ವರ್ಷಗಟ್ಟಲೆ ಬಾಸ್ಕೆಟ್‌ಬಾಲ್ ಆಡಿದವರು. ಹೆಸರನ್ನು ಮಗಳಿಗೆ ಹೇಳಿ, ಹುಡುಕಿ ನೋಡಲಿ.

ಐದನೇ ತಿಂಗಳ ಸ್ಕ್ಯಾನಿಂಗ್‌ನವರ ಮೇಲೆ ಕೋಪ ಬೇಡ. ಎಲ್ಲವೂ ಒಟ್ಟಿಗೆ ತಿರುಗಿದ್ದರೆ ಹೃದಯ, ಜಠರ ಎರಡೂ ಒಂದೇ ಬದಿಯಲ್ಲಿ ಜೊತೆಯಾಗಿ ಕಾಣುತ್ತವೆ, ಚಿತ್ರ ಸರಿಯಾಗಿಯೇ ಇರುತ್ತದೆ. ಮಗುವಿನ ತಲೆ ಎಲ್ಲಿ, ಬೆನ್ನು ಯಾವ ಕಡೆ ಎಂದು ಲೆಕ್ಕ ಹಾಕಿದರೆ ಮಾತ್ರ ಆ ಬದಿ ಎಡವೋ ಬಲವೋ ತಿಳಿಯುತ್ತದೆ. ಎಕ್ಸ್-ರೇ ಎರಡು ಸಲ ತೆಗೆದದ್ದೂ ಅದಕ್ಕೇ. ಫಿಲ್ಮ್ ಹಿಂದುಮುಂದಾಗಿ ಹಿಡಿದೆನಾ ಅನ್ನುವುದೇ ಯಾರಿಗಾದರೂ ಮೊದಲು ಬರುವ ಅನುಮಾನ.

ಆಶ್ಲೇಷಾ ಬಲಿ ಮಾಡಿಸುತ್ತೀರೋ ಬಿಡುತ್ತೀರೋ, ಅದು ನಿಮ್ಮ ಮನೆಯ ನಂಬಿಕೆ, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಆದರೆ ಮಗಳ ಎದುರಿಗೆ ‘ದೋಷ’ ಅನ್ನುವ ಮಾತು ಆಡಬೇಡಿ ಎಂದು ಅತ್ತೆಯವರಿಗೆ ಕೈಮುಗಿದು ಹೇಳುತ್ತೇನೆ. ಅತ್ತೆಯವರಿಗೆ ಬಲಮುರಿ ಶಂಖ ಗೊತ್ತಿರುತ್ತದೆ. ಅದೇನು ಬೇರೆ ಜಾತಿಯದ್ದಲ್ಲ. ಸಾಮಾನ್ಯ ಶಂಖದ ಜಾತಿಯೇ, ಸುರುಳಿ ಮಾತ್ರ ಆಚೆ ತಿರುಗಿದೆ. ಸಿಗುವುದು ಅಪರೂಪ ಎಂದು ನಾವು ಅದನ್ನು ದೇವರ ಕೋಣೆಯಲ್ಲಿ ಇಡುತ್ತೇವೆ. ಮಗಳೂ ಅಂಥ ಅಪರೂಪವೇ. ಸುಮಾರು 10,000 ಜನರಲ್ಲಿ ಒಬ್ಬರು ಹೀಗೆ ಎಂದು ಲೆಕ್ಕ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದಲ್ಲಿ ಸುಮಾರು 20.9 ಲಕ್ಷ, ಉಡುಪಿಯಲ್ಲಿ 11.8 ಲಕ್ಷ ಜನರಿದ್ದರು. ಆ ಲೆಕ್ಕದಲ್ಲಿ ನಮ್ಮ ಎರಡು ಜಿಲ್ಲೆಯಲ್ಲೇ ಮುನ್ನೂರಕ್ಕೂ ಜಾಸ್ತಿ ಜನ ಇರಬೇಕು. ಬಸ್ಸಿನಲ್ಲಿ ನಿಮ್ಮ ಪಕ್ಕದಲ್ಲೇ ಕೂತಿರಬಹುದು.

ಈಗ ಮುಚ್ಚಿಡುವ ವಿಷಯ. ಇದಕ್ಕೆ ನನ್ನ ಉತ್ತರ ಖಡಾಖಂಡಿತ: ಮುಚ್ಚಿಡಬೇಡಿ. ಯಾಕೆ ಎಂದು ಹೇಳಲು ನನ್ನದೇ ಒಂದು ತಪ್ಪನ್ನು ಹೇಳಬೇಕು.

ಮಲ್ಪೆಯ ಹತ್ತಿರ ಕ್ಲಿನಿಕ್ ಇಟ್ಟು ಆಗ ನನಗೆ ಎರಡೋ ಮೂರೋ ವರ್ಷ. ಮಳೆಗಾಲದ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿದ ಹೊಸತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಬ್ಬ ಬೋಟಿನ ಹುಡುಗ ಬಗ್ಗಿಕೊಂಡೇ ಒಳಗೆ ಬಂದ. ಅಂಗಿ ಒದ್ದೆ, ಕೈಯಲ್ಲಿ ಮೀನಿನ ಪೊರೆ ಇನ್ನೂ ಅಂಟಿತ್ತು. ‘ಬಂಜಿ ಬೇನೆ ಡಾಕ್ಟ್ರೇ’ ಅಂದ, ಹೊಟ್ಟೆನೋವು ಅಂತ. ಕೈ ಇಟ್ಟು ತೋರಿಸಿದ್ದು ಹೊಟ್ಟೆಯ ಕೆಳಗೆ, ಎಡಗಡೆ. ಅಪೆಂಡಿಕ್ಸ್ ಇರುವುದು ಬಲಗಡೆ, ಹಾಗಾಗಿ ಅದು ನನ್ನ ತಲೆಗೆ ಬರಲೇ ಇಲ್ಲ. ಕಿಡ್ನಿ ಕಲ್ಲು ಅಂದುಕೊಂಡೆ. ನೋವಿನ ಇಂಜೆಕ್ಷನ್ ಕೊಟ್ಟೆ, ನೀರು ಜಾಸ್ತಿ ಕುಡಿ ಎಂದು ಕಳಿಸಿದೆ. ಎದೆಗೆ ಸ್ಟೆತಾಸ್ಕೋಪ್ ಇಟ್ಟಿದ್ದೆ. ಹೃದಯದ ಸದ್ದು ಎಡಗಡೆ ತುಂಬಾ ಸಣ್ಣಗೆ ಕೇಳಿತು. ಹೊರಗೆ ಮಳೆ, ತಲೆ ಮೇಲೆ ಫ್ಯಾನಿನ ಸದ್ದು, ಅದಕ್ಕೇ ಇರಬೇಕು ಅಂದುಕೊಂಡೆ. ಮೂರು ಬೆರಳು ಆಚೆಗೆ, ಬಲಕ್ಕೆ ಸರಿಸಿದ್ದರೆ ಎಲ್ಲವೂ ತಿಳಿಯುತ್ತಿತ್ತು. ಸರಿಸಲಿಲ್ಲ.

ಮೂರನೇ ದಿನ ಅವನನ್ನು ಇಬ್ಬರು ಎತ್ತಿಕೊಂಡು ಬಂದರು. ಮೈ ಕೆಂಡ, ಹೊಟ್ಟೆ ಹಲಗೆಯ ಹಾಗೆ ಬಿಗಿ. ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಅಪೆಂಡಿಕ್ಸ್ ಒಡೆದಿತ್ತು. ಅದು ಇದ್ದದ್ದು ಎಡಗಡೆ. ಅವನು ಬದುಕಿದ. ಆದರೆ ಒಂದು ತಿಂಗಳು ಹಾಸಿಗೆಯಲ್ಲಿದ್ದ, ಆ ಸೀಸನ್‌ನ ದುಡಿಮೆ ಹೋಯಿತು. ಆಮೇಲೆ ಅವನ ತಾಯಿ ನನ್ನ ಹತ್ತಿರ ಬಂದು ಒಂದು ಮಾತು ಹೇಳಿದರು. ಚಿಕ್ಕವನಿದ್ದಾಗ ಒಬ್ಬ ಡಾಕ್ಟರು ಇವನ ಹೃದಯ ಬಲಗಡೆ ಎಂದು ಹೇಳಿದ್ದರಂತೆ. ಜನ ಏನಂದಾರೋ ಎಂದು ಇವರು ಮಗನಿಗೂ ಹೇಳದೆ ಮುಚ್ಚಿಟ್ಟಿದ್ದರು. ಅವರದ್ದು ತಪ್ಪು ಎಂದು ನಾನು ಹೇಳಲಾರೆ. ನೋಡಬೇಕಾಗಿದ್ದವಳು ನಾನು. ಆದರೆ ಆ ಒಂದು ಮಾತು ಅವನ ಬಾಯಲ್ಲಿದ್ದಿದ್ದರೆ ಆ ಸಂಜೆಯೇ ಅವನು ಆಸ್ಪತ್ರೆ ಸೇರುತ್ತಿದ್ದ. ಅಂದಿನಿಂದ ಇವತ್ತಿನವರೆಗೆ ಯಾರೇ ಬರಲಿ, ನಾನು ಎದೆಯ ಎರಡೂ ಬದಿಗೆ ಕಿವಿ ಕೊಡುತ್ತೇನೆ.

ಆದ್ದರಿಂದ ಮಗಳಿಗೆ ಹೇಳಿ. ಅವಳ ಪಿಟಿ ಟೀಚರಿಗೆ ಹೇಳಿ. ಮದುವೆಯ ಮಾತು ಬಂದಾಗ ಹುಡುಗನ ಮನೆಯವರಿಗೂ ಹೇಳಿ. ಸೈಟಸ್ ಇನ್ವರ್ಸಸ್ ಇದ್ದ ಮಾತ್ರಕ್ಕೆ ಬಸುರಿಗೆ, ಹೆರಿಗೆಗೆ ಅಡ್ಡಿಯಿಲ್ಲ. ಹಾಂ, ಒಂದು ಕೇಳಲು ಮರೆತೆ. ಅವಳಿಗೆ ವರ್ಷವಿಡೀ ನೆಗಡಿ, ಕಫ, ಕಿವಿ ಸೋರುವುದು ಉಂಟಾ? ಇದ್ದರೆ ಮೂರನೇ ಪ್ರಶ್ನೆಯ ಉತ್ತರವನ್ನು ತಪ್ಪದೆ ಓದಿ.

ಪ್ರಶ್ನೆ: ನನಗೆ 52 ವರ್ಷ. ಹೃದಯ ಬಲಗಡೆ ಇರುವುದು ಮೊದಲೇ ಗೊತ್ತು. ಹೋದ ವರ್ಷ ಎದೆ ಉರಿ ಎಂದು ಹೋದಾಗ ಒಂದು ಕಡೆ ಈಸಿಜಿ ನೋಡಿ ಹಳೇ ಹಾರ್ಟ್ ಅಟ್ಯಾಕ್ ಆಗಿದೆ ಅಂದರು. ಇನ್ನೊಂದು ಕಡೆ ವಯರು ತಪ್ಪಾಗಿ ಹಾಕಿದ್ದಾರೆ ಅಂದರು. ಯಾವುದು ನಿಜ? ನನಗೆ ಅಟ್ಯಾಕ್ ಆದರೆ ನೋವು ಯಾವ ಕಡೆ ಬರುತ್ತದೆ? (ಹೋಟೆಲ್ ಉದ್ಯೋಗಿ, ಉಡುಪಿ)

ಉತ್ತರ: ಎರಡೂ ಕಡೆ ನೀವು ‘ನನ್ನ ಹೃದಯ ಬಲಗಡೆ’ ಎಂದು ಮೊದಲೇ ಹೇಳಿದ್ದಿರಾ? ಪತ್ರದಲ್ಲಿ ಅದು ಇಲ್ಲ. ಬಲಗಡೆ ಹೃದಯ ಇದ್ದವರಿಗೆ ಎಂದಿನಂತೆ ಈಸಿಜಿ ತೆಗೆದರೆ ಮೊದಲನೇ ಲೀಡ್‌ನಲ್ಲಿ (ಒಂದೊಂದು ಕೋನದಿಂದ ಹೃದಯವನ್ನು ನೋಡಿ ಬರೆದ ಗೆರೆಗೆ ಲೀಡ್ ಅನ್ನುತ್ತಾರೆ) ಗೆರೆಗಳು ತಲೆಕೆಳಗಾಗಿ ಬರುತ್ತವೆ. ಎರಡೂ ಕೈಯ ವಯರು ಅದಲುಬದಲಾದರೂ ಹೀಗೇ ಕಾಣುತ್ತದೆ. ವ್ಯತ್ಯಾಸ ತಿಳಿಯುವುದು ಎದೆಯ ಮೇಲಿನ ಆರು ಲೀಡ್‌ಗಳಲ್ಲಿ. ವಯರು ಮಾತ್ರ ತಪ್ಪಾಗಿದ್ದರೆ ಅವು ಎಂದಿನ ಹಾಗೇ ಇರುತ್ತವೆ. ನಿಮ್ಮಂಥವರಲ್ಲಿ ಎಡಕ್ಕೆ ಹೋದ ಹಾಗೆ ಅಲೆಗಳು ಸಣ್ಣದಾಗುತ್ತಾ ಹೋಗುತ್ತವೆ, ಯಾಕೆಂದರೆ ಹೃದಯ ಅಲ್ಲಿ ಇಲ್ಲವೇ ಇಲ್ಲ. ಅದನ್ನು ನೋಡಿ ಹಳೇ ಅಟ್ಯಾಕ್ ಎಂದು ಅಂದುಕೊಳ್ಳುವುದೂ ಸುಲಭ. ಕೈಯ ವಯರುಗಳನ್ನು ಬದಲಿಸಿ, ಎದೆಯ ಲೀಡ್‌ಗಳನ್ನು ಬಲಕ್ಕೆ ಕನ್ನಡಿಯ ಹಾಗೆ ಇಟ್ಟು ಇನ್ನೊಂದು ಈಸಿಜಿ ತೆಗೆಸಿ. ಜೊತೆಗೆ ಎಕೋ ಮಾಡಿಸಿದರೆ ಅಟ್ಯಾಕ್ ಆಗಿತ್ತೋ ಇಲ್ಲವೋ ಹೃದ್ರೋಗ ತಜ್ಞರು ಸ್ಪಷ್ಟವಾಗಿ ಹೇಳುತ್ತಾರೆ. ಆರೋಗ್ಯವಾಗಿದ್ದಾಗ ತೆಗೆದ ಆ ಈಸಿಜಿಯ ಫೋಟೋ ನಿಮ್ಮ ಮೊಬೈಲಿನಲ್ಲಿರಲಿ. ಮುಂದೆ ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿಯಲ್ಲಿರುವ ಡಾಕ್ಟರಿಗೆ ಹೋಲಿಸಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ನೋವು ಎದೆಯ ನಡುವೆ ಬರಬಹುದು, ಬಲಕ್ಕೆ ಬಂದು ಬಲಗೈಗೆ ಇಳಿಯಬಹುದು, ಕೆಲವರಿಗೆ ಎಡಕ್ಕೂ ಬರುತ್ತದೆ. ಬದಿ ನೋಡುತ್ತಾ ಕೂರಬೇಡಿ. ಎದೆ ಹಿಂಡಿದ ಹಾಗೆ, ಬೆವರು, ಉಸಿರು ಕಟ್ಟಿದ ಹಾಗೆ ಆದರೆ 108ಕ್ಕೆ ಫೋನ್ ಮಾಡಿ. ಪಿತ್ತಕೋಶದ ಕಲ್ಲಿನ ನೋವು ನಿಮಗೆ ಎಡಗಡೆ ಬರಬಹುದು ಅನ್ನುವುದೂ ನೆನಪಿರಲಿ. ಹೋಟೆಲಿನವರು ಎಲ್ಲದಕ್ಕೂ ಗ್ಯಾಸ್ ಎಂದು ಸೋಡಾ ಕುಡಿದು ಸುಮ್ಮನಾಗುವುದನ್ನು ನಾನು ತುಂಬಾ ನೋಡಿದ್ದೇನೆ.

ಪ್ರಶ್ನೆ: ನನಗೆ 31. ಅಂಗಗಳು ಪೂರ್ತಿ ಉಲ್ಟಾ. ನೆನಪಿದ್ದಾಗಿನಿಂದ ಮೂಗು ಕಟ್ಟುತ್ತದೆ, ಬೆಳಿಗ್ಗೆ ಎದ್ದರೆ ಕಫ. ಅಲರ್ಜಿ ಎಂದು ಮಾತ್ರೆ ತಿನ್ನುತ್ತಾ ಬಂದೆ. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಾಗಿಲ್ಲ. ಹೆಂಡತಿಯ ರಿಪೋರ್ಟ್ ಎಲ್ಲಾ ಸರಿ ಇದೆ. ಇವೆಲ್ಲ ಒಂದಕ್ಕೊಂದು ಸಂಬಂಧ ಇದೆಯಾ? (ಮಂಗಳೂರು)

ಉತ್ತರ: ಇರಬಹುದು. ನೀವು ಮೂರನ್ನೂ ಒಂದೇ ಪತ್ರದಲ್ಲಿ ಬರೆದದ್ದು ಒಳ್ಳೆಯದಾಯಿತು. ಇಷ್ಟು ವರ್ಷ ಮೂಗಿಗೆ ಒಬ್ಬ ಡಾಕ್ಟರು, ಕಫಕ್ಕೆ ಇನ್ನೊಬ್ಬರು ಎಂದು ಓಡಾಡಿದ್ದೀರಿ, ಯಾರಿಗೂ ಪೂರ್ತಿ ಕಥೆ ಸಿಕ್ಕಿಲ್ಲ.

ಭ್ರೂಣದಲ್ಲಿ ಎಡ ಬಲ ಹೇಳುವ ಸಿಲಿಯಾ ಬಗ್ಗೆ ಮೇಲೆ ಬರೆದೆ. ಅದೇ ಥರದ ಕೂದಲುಗಳು ನಮ್ಮ ಮೂಗು, ಸೈನಸ್, ಶ್ವಾಸನಾಳದ ಒಳಗೂ ಇವೆ. ಗಾಳಿಗೆ ತೂಗುವ ಗದ್ದೆಯ ಪೈರಿನ ಹಾಗೆ ಒಟ್ಟಿಗೆ ಬಾಗಿ ಕಫವನ್ನು, ಧೂಳನ್ನು ಮೇಲಕ್ಕೆ ತಳ್ಳುತ್ತವೆ. ಗಂಡಸಿನ ವೀರ್ಯಾಣುವಿನ ಬಾಲವೂ ಹೆಚ್ಚುಕಡಿಮೆ ಅದೇ ರಚನೆಯದ್ದು. ಹುಟ್ಟಿನಿಂದಲೇ ಇವು ಅಲುಗಾಡದಿದ್ದರೆ ಕಫ ಅಲ್ಲೇ ನಿಲ್ಲುತ್ತದೆ, ಸೋಂಕು ಮತ್ತೆ ಮತ್ತೆ ಬರುತ್ತದೆ, ವೀರ್ಯಾಣು ಇದ್ದರೂ ಈಜುವುದಿಲ್ಲ. ಅಂಗಗಳು ಯಾವ ಕಡೆ ಕೂರಬೇಕು ಅನ್ನುವುದು ನಾಣ್ಯ ಚಿಮ್ಮಿದ ಹಾಗಾಗುತ್ತದೆ. ಅದಕ್ಕೇ ಈ ಕಾಯಿಲೆ ಇದ್ದವರಲ್ಲಿ ಸುಮಾರು ಅರ್ಧ ಜನರಿಗೆ ಮಾತ್ರ ಅಂಗಗಳು ಉಲ್ಟಾ. ಇನ್ನರ್ಧ ಜನರಿಗೆ ಎಲ್ಲವೂ ಎಂದಿನ ಜಾಗದಲ್ಲೇ. ಸ್ವಿಟ್ಜರ್ಲೆಂಡ್‌ನ ಡಾಕ್ಟರ್ ಕಾರ್ಟಾಗೆನರ್ 1933ರಲ್ಲಿ ಇಂಥ ನಾಲ್ಕು ಜನರ ಬಗ್ಗೆ ಬರೆದರು, ಅವರ ಹೆಸರೇ ಉಳಿಯಿತು. ಕಾರಣ ತಿಳಿದದ್ದು 1976ರಲ್ಲಿ. ಸ್ವೀಡನ್ನಿನ ಆಫ್ಜೆಲಿಯಸ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ, ಕೂದಲನ್ನು ಆಡಿಸುವ ಡೈನೀನ್ ಅನ್ನುವ ಪುಟ್ಟ ತೋಳುಗಳೇ ಅಲ್ಲಿರಲಿಲ್ಲ.

ಅಂಗಗಳು ಉಲ್ಟಾ ಇರುವ ಎಲ್ಲರಿಗೂ ಇದು ಇರುವುದಿಲ್ಲ. ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಇರುತ್ತದೆ. ನೀವು ಶ್ವಾಸಕೋಶ ತಜ್ಞರನ್ನು ನೋಡಿ. ಎದೆಯ ಸಿಟಿ, ಸಿಲಿಯಾ ಪರೀಕ್ಷೆ, ಜೀನ್ ಪರೀಕ್ಷೆ ಯಾವುದು ಬೇಕೆಂದು ಅವರು ಹೇಳುತ್ತಾರೆ. ಪೂರ್ತಿ ವಾಸಿಯಾಗುವ ಔಷಧ ಇಲ್ಲ. ಆದರೆ ದಿನಾ ಕಫ ಹೊರಗೆ ತೆಗೆಯುವ ಫಿಸಿಯೋಥೆರಪಿ, ಸೋಂಕು ಬಂದ ಕೂಡಲೇ ಸರಿಯಾದ ಆಂಟಿಬಯೋಟಿಕ್, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ, ಇವುಗಳಿಂದ ಶ್ವಾಸಕೋಶ ಹಾಳಾಗುವುದನ್ನು ಬಹಳ ಮಟ್ಟಿಗೆ ತಡೆಯಬಹುದು. ಸಿಗರೇಟು ಇದ್ದರೆ ಇವತ್ತೇ ಬಿಡಿ. ಕಫ ಬರಬಾರದೆಂದು ಕೆಮ್ಮು ನಿಲ್ಲಿಸುವ ಸಿರಪ್ ಕುಡಿಯಬೇಡಿ. ನಿಮಗೆ ಕೆಮ್ಮು ಬೇಕು, ಅದೇ ನಿಮ್ಮ ಪೊರಕೆ.

ಮಕ್ಕಳ ಬಗ್ಗೆ ಆಸೆ ಬಿಡಬೇಡಿ. ಮೊದಲು ವೀರ್ಯ ಪರೀಕ್ಷೆ ಮಾಡಿಸಿ. ಇಷ್ಟು ದಿನ ಬರೀ ಹೆಂಡತಿಯ ಪರೀಕ್ಷೆ ಮಾಡಿಸಿದ್ದು ನನಗೆ ನಿಜಕ್ಕೂ ಬೇಸರ ತಂದಿತು. ವೀರ್ಯಾಣು ಈಜದಿದ್ದರೂ ಜೀವಂತ ಇದ್ದರೆ, ಒಂದನ್ನೇ ಹಿಡಿದು ಅಂಡದ ಒಳಗೆ ಇಡುವ ಇಕ್ಸಿ ವಿಧಾನದಿಂದ ಇಂಥವರಿಗೆ ಮಕ್ಕಳಾಗಿವೆ. ಈ ಕಾಯಿಲೆ ಹೆಚ್ಚಾಗಿ ತಂದೆ ತಾಯಿ ಇಬ್ಬರಿಂದಲೂ ಒಂದೊಂದು ಕೆಟ್ಟ ಜೀನ್ ಬಂದಾಗ ಆಗುವಂಥದ್ದು. ನಿಮ್ಮ ಹೆಂಡತಿ ರಕ್ತಸಂಬಂಧದವರಾ, ಸೋದರತ್ತೆಯ ಮಗಳೋ ಸೋದರಮಾವನ ಮಗಳೋ? ಹಾಗಿದ್ದರೆ ಮೊದಲು ಜೆನೆಟಿಕ್ ಕೌನ್ಸೆಲಿಂಗ್‌ಗೆ ಇಬ್ಬರೂ ಹೋಗಿ ಬನ್ನಿ.

ಪ್ರಶ್ನೆ: ಇಂಥವರ ಹೃದಯ ನಿಂತು ಸಿಪಿಆರ್ (ಎದೆ ಒತ್ತುವ ಪ್ರಥಮ ಚಿಕಿತ್ಸೆ) ಮಾಡುವಾಗ ಬಲಗಡೆ ಒತ್ತಬೇಕಾ? ಇವರೆಲ್ಲ ಎಡಚರಾ? (ನರ್ಸಿಂಗ್ ವಿದ್ಯಾರ್ಥಿನಿ, ಮಣಿಪಾಲ)

ಉತ್ತರ: ಎದೆಯ ನಡುವೆಯೇ ಒತ್ತಿ, ಎಲ್ಲರಿಗೂ ಅದೇ ಜಾಗ. ಶಾಕ್ ಕೊಡುವ ಪ್ಯಾಡ್‌ಗಳನ್ನು ಮಾತ್ರ, ಗೊತ್ತಿದ್ದರೆ, ಕನ್ನಡಿಯ ಹಾಗೆ ಆಚೀಚೆ ಬದಲಿಸಿ. ಇವರಲ್ಲೂ ಬಲಗೈಯವರೇ ಜಾಸ್ತಿ.

ನೀವು ಕಲಿಯುವ ವಯಸ್ಸಿನವರು, ಒಂದು ನಿಜ ಸಂಗತಿ ಹೇಳುತ್ತೇನೆ. ಅಮೆರಿಕದ ಆರೆಗನ್‌ನಲ್ಲಿ ರೋಸ್ ಮೇರಿ ಬೆಂಟ್ಲಿ ಎಂಬುವರು 2017ರಲ್ಲಿ 99ನೇ ವಯಸ್ಸಿನಲ್ಲಿ ತೀರಿಕೊಂಡರು. ದೇಹವನ್ನು ಮೆಡಿಕಲ್ ಕಾಲೇಜಿಗೆ ದಾನ ಮಾಡಿದ್ದರು. ಅಲ್ಲಿನ ವಿದ್ಯಾರ್ಥಿಗಳು ನೋಡಿದರೆ, ಹೃದಯ ಎಡಗಡೆಯೇ ಇದೆ, ಹೊಟ್ಟೆಯ ಅಂಗಗಳು ಮಾತ್ರ ತಿರುಗಿವೆ. ನಾನು ಮೇಲೆ ಜಾಸ್ತಿ ಅಪಾಯ ಎಂದು ಬರೆದ ಬೆರಕೆಯ ಬಗೆ ಅದು. ಆದರೂ ಐದು ಮಕ್ಕಳನ್ನು ಹೆತ್ತು 99 ವರ್ಷ ಬಾಳಿದರು. ಅವರಿಗೆ ತಮ್ಮ ಮೈಯ ಈ ಗುಟ್ಟು ಕೊನೆಯವರೆಗೂ ಗೊತ್ತಿರಲಿಲ್ಲ.

ಪ್ರಶ್ನೆ: ಇಂಥವರು ಕಾರ್ಡ್ ಇಟ್ಟುಕೊಳ್ಳಬೇಕು ಅನ್ನುತ್ತಾರೆ. ಅದರಲ್ಲಿ ಏನು ಬರೆಯಬೇಕು? (ಓದುಗರು, ಕಾಪು)

ಉತ್ತರ: ಉದ್ದ ಬೇಡ. ‘ನನಗೆ ಸೈಟಸ್ ಇನ್ವರ್ಸಸ್ ಟೋಟಾಲಿಸ್ ಇದೆ. ಹೃದಯ ಬಲಗಡೆ. ಲಿವರ್, ಪಿತ್ತಕೋಶ, ಅಪೆಂಡಿಕ್ಸ್ ಎಡಗಡೆ. ಈಸಿಜಿಯನ್ನು ಬಲಗಡೆಗೆ ತೆಗೆಯಿರಿ.’ ಕೆಳಗೆ ರಕ್ತದ ಗುಂಪು, ಮನೆಯವರ ಫೋನ್ ನಂಬರು. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಆಧಾರ್ ಕಾರ್ಡಿನ ಜೊತೆಗೇ ಇರಲಿ. ಮೊಬೈಲ್ ಲಾಕ್ ಆಗಿದ್ದಾಗಲೂ ಕಾಣುವ ತುರ್ತು ಮಾಹಿತಿಯಲ್ಲೂ ಬರೆದಿಡಿ. ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದರೆ ನಮ್ಮ ಕಡೆಯ ಮಳೆಗೂ ತಡೆಯುತ್ತದೆ.

ನಾನು ಮೇಲೆ ಬರೆದ ಮಲ್ಪೆಯ ಆ ಹುಡುಗನಿಗೆ ಈಗ ಐವತ್ತು ದಾಟಿದೆ, ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಅವನಿಗೆ ಮೊದಲ ಕಾರ್ಡ್ ಬರೆದುಕೊಟ್ಟದ್ದು ನಾನೇ. ಹೋದ ವಾರ ಬಂದಿದ್ದ. ಉಪ್ಪುನೀರು ನುಗ್ಗಿ ಕಾರ್ಡಿನ ಮೂಲೆ ಬಿಳಿಚಿಕೊಂಡಿತ್ತು, ಮಗನ ಫೋನ್ ನಂಬರೂ ಬದಲಾಗಿತ್ತು. ಹೊಸದು ಬರೆದುಕೊಟ್ಟೆ. ಹಳೇದನ್ನು ಕಸದ ಬುಟ್ಟಿಗೆ ಹಾಕಲು ಹೋದಾಗ ಕೈ ಹಿಡಿದು ತಡೆದ. ಅದನ್ನು ಬೋಟಿನ ಕ್ಯಾಬಿನ್‌ನಲ್ಲಿ, ವಯರ್‌ಲೆಸ್ ಸೆಟ್ಟಿನ ಪಕ್ಕದಲ್ಲಿ ಅಂಟಿಸುತ್ತಾನಂತೆ, ಜೊತೆಗಿರುವ ಎಲ್ಲರಿಗೂ ಕಾಣುವ ಹಾಗೆ.